ಸ್ಪೇನ್‌ನಲ್ಲಿ ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ?

ಮೊದಲ ಸಲ ಸ್ಪೇನ್‌ಗೆ ಹೊರಟ ನಮ್ಮವರು ವೀಸಾ ಕೈಗೆ ಬಂದ ಕೂಡಲೇ ನನ್ನನ್ನು ಕೇಳುವುದು ಇದನ್ನೇ. ಸಿಗುತ್ತದೆ, ಚೆನ್ನಾಗಿಯೇ ಸಿಗುತ್ತದೆ. ಆದರೆ ಅಲ್ಲಿಯವರು ಉಣ್ಣುವ ಹೊತ್ತಿಗೆ ನೀವೂ ಉಣ್ಣಬೇಕು. ಹಸಿದುಕೊಂಡು ರೂಮಿಗೆ ವಾಪಸ್ ಬರುವವರಲ್ಲಿ ಜಾಸ್ತಿ ಜನ ಹೊತ್ತಲ್ಲದ ಹೊತ್ತಲ್ಲಿ ಹೋದವರು.

ಮಧ್ಯಾಹ್ನದ ಊಟ 2ರಿಂದ 4. ರಾತ್ರಿ ಊಟಕ್ಕೆ ಜನ ಕೂರುವುದೇ 9ರ ಮೇಲೆ. ಸಂಜೆ 6ಕ್ಕೆ ಮಕ್ಕಳನ್ನು ಕರೆದುಕೊಂಡು ಹೋದರೆ ಎಷ್ಟೋ ಕಡೆ ಅಡುಗೆಮನೆಯೇ ಮುಚ್ಚಿರುತ್ತದೆ. ಆಗ ಯಾವುದಾದರೂ ಬಾರ್‌ಗೆ ಹೋಗಿ. ಬಾರ್ ಅಂತ ಬೋರ್ಡ್ ನೋಡಿ ಹಿಂಜರಿಯಬೇಡಿ, ಅಜ್ಜಿ ಮೊಮ್ಮಕ್ಕಳೆಲ್ಲ ಬಂದು ಕೂರುವ ಜಾಗ ಅದು. ಬೆಳಗಿನ ಕಾಫಿಯೂ ಅಲ್ಲೇ. ಜೊತೆಗೆ 'ಪಾನ್ ಕೋನ್ ತೊಮಾತೆ' ಕೇಳಿ: ಸುಟ್ಟ ಬ್ರೆಡ್ಡಿನ ಮೇಲೆ ಟೊಮೇಟೊ, ಆಲಿವ್ ಎಣ್ಣೆ, ಉಪ್ಪು. ಅಷ್ಟೇ, ಆದರೆ ಟೊಮೇಟೊ ಕಾಲದಲ್ಲಿ ಅದರ ರುಚಿಯೇ ಬೇರೆ.

ನಾನು ಎಲ್ಲರಿಗೂ ಒತ್ತಿ ಹೇಳುವುದು ಮಧ್ಯಾಹ್ನದ 'ಮೆನು ದೆಲ್ ದಿಯಾ' ಬಗ್ಗೆ. ವಾರದ ದಿನಗಳಲ್ಲಿ ಸಣ್ಣ ಹೋಟೆಲುಗಳ ಬಾಗಿಲಲ್ಲಿ ಕರಿಹಲಗೆಯ ಮೇಲೆ ಬರೆದಿಟ್ಟಿರುತ್ತಾರೆ. ಮೊದಲ ಪಟ್ಟಿಯಿಂದ ಒಂದು, ಎರಡನೇ ಪಟ್ಟಿಯಿಂದ ಒಂದು, ಮೇಲೆ ಬ್ರೆಡ್ಡು, ಸಿಹಿ ಅಥವಾ ಕಾಫಿ, ಸಾಮಾನ್ಯವಾಗಿ ಕುಡಿಯಲೂ ಏನಾದರೂ. ಎಲ್ಲಕ್ಕೂ ಸೇರಿ ಒಂದೇ ದರ. ಎರಡನೇ ಪಟ್ಟಿಯಲ್ಲಿ ಹೆಚ್ಚಾಗಿ ಮೀನು, ಮಾಂಸವೇ. ಅದಕ್ಕೆ 'ದೋಸ್ ಪ್ರಿಮೇರೋಸ್' ಅನ್ನಿ, ಮೊದಲ ಪಟ್ಟಿಯಿಂದಲೇ ಎರಡು ಕೊಡಿ ಅಂತ. ಬಹಳ ಕಡೆ ಒಪ್ಪುತ್ತಾರೆ.

ಮಾಂಸ ಬೇಡ ಅಂದರೆ ಸಾಲದು. ಹ್ಯಾಮ್ (ಹಂದಿಮಾಂಸ), ಟ್ಯೂನಾ (ಮೀನು) ಎರಡನ್ನೂ ಹೆಸರು ಹಿಡಿದೇ ಬೇಡ ಅನ್ನಬೇಕು: 'ಸಿನ್ ಹಮೋನ್, ಸಿನ್ ಅತೂನ್.' ಮಾಮೂಲಿ ಮಿಶ್ರ ಸಲಾಡ್ ಮೇಲೆ ಟ್ಯೂನಾ ಹಾಕಿರುತ್ತಾರೆ. 'ವೆಹೆತಾಲ್', ಅಂದರೆ ತರಕಾರಿಯದು, ಅಂತ ಬರೆದ ಸ್ಯಾಂಡ್‌ವಿಚ್‌ನಲ್ಲೂ ಟ್ಯೂನಾ, ಮೊಟ್ಟೆ ಇರುವುದುಂಟು. ಬೇಳೆ ಸಾರಿನಂತೆ ಕಾಣುವ 'ಲೆಂತೇಹಾಸ್' ಅನ್ನು ಚೊರೀಸೊ, ಅಂದರೆ ಹಂದಿಮಾಂಸದ ಸಾಸೇಜ್, ಹಾಕಿ ಬೇಯಿಸುತ್ತಾರೆ. ತಣ್ಣನೆಯ ಟೊಮೇಟೊ ಸೂಪ್ ಸಲ್ಮೊರೇಹೊ ಮೇಲೆ ಹ್ಯಾಮ್ ಚೂರು, ಮೊಟ್ಟೆ ಉದುರಿಸುತ್ತಾರೆ. ಇದನ್ನೆಲ್ಲ ಮುಚ್ಚಿಡಬೇಕು ಅಂತ ಯಾರೂ ಮಾಡುವುದಿಲ್ಲ, ಅಲ್ಲಿನ ಅಡುಗೆಯೇ ಹಾಗೆ. ಕೇಳಿದರೆ ನಿಜ ಹೇಳುತ್ತಾರೆ.

ಧೈರ್ಯವಾಗಿ ತಿನ್ನಬಹುದಾದದ್ದೂ ಬೇಕಾದಷ್ಟಿದೆ. ಉಪ್ಪು ಉದುರಿಸಿ ಹುರಿದ ಪಾದ್ರೋನ್ ಮೆಣಸಿನಕಾಯಿ. ಸೆವಿಲ್ಲೆಯಲ್ಲಿ ಪಾಲಕ್ ಕಡಲೆ ಪಲ್ಯ, ಅದರಲ್ಲಿ ಜೀರಿಗೆ ಘಮ ಇರುತ್ತದೆ. ಕಾರ್ಡೋಬಾದಲ್ಲಿ ಜೇನು ಸುರಿದ ಬದನೆಕಾಯಿ ಕರಿದದ್ದು. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆಯ ದಪ್ಪ ಆಮ್ಲೆಟ್, 'ತೊರ್ತೀಯಾ', ಊರೂರಲ್ಲೂ ಸಿಗುತ್ತದೆ.

ಈರುಳ್ಳಿ ಬೆಳ್ಳುಳ್ಳಿಯನ್ನೂ ತಿನ್ನದವರು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯುವುದೇ ವಾಸಿ. ಸೂಪರ್‌ಮಾರ್ಕೆಟ್‌ನಲ್ಲಿ ಅಕ್ಕಿ, ಮೊಸರು, ಗಾಜಿನ ಬಾಟಲಿಯಲ್ಲಿ ಬೇಯಿಸಿಟ್ಟ ಕಡಲೆ ಎಲ್ಲ ಇರುತ್ತದೆ. ಮೊಸರು ಕೊಳ್ಳುವಾಗ 'ಅಸುಕಾರಾದೊ' ಅಂತ ಇದ್ದರೆ ಸಕ್ಕರೆ ಹಾಕಿದ್ದು, ಬಿಡಿ. ಭಾನುವಾರ ಬಹಳಷ್ಟು ಅಂಗಡಿ ಮುಚ್ಚಿರುತ್ತವೆ. ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಆಗಸ್ಟ್‌ನಲ್ಲಿ ಸೆವಿಲ್ಲೆ, ಕಾರ್ಡೋಬಾ ಕಡೆ 40 ಡಿಗ್ರಿ ದಾಟುತ್ತದೆ. ವಯಸ್ಸಾದವರನ್ನು ಆಗ ಕರೆದೊಯ್ಯಬೇಡಿ, ಏಪ್ರಿಲ್ ಅಥವಾ ಅಕ್ಟೋಬರ್ ಒಳ್ಳೆಯದು. ಬಾರ್ಸಿಲೋನಾದ ಮೆಟ್ರೋದಲ್ಲಿ, ಲಾ ರಾಂಬ್ಲಾ ಬೀದಿಯಲ್ಲಿ ಜೇಬುಗಳ್ಳರಿದ್ದಾರೆ. ಮೊಬೈಲು ಹಿಂಜೇಬಲ್ಲಿ ಬೇಡ. ತುರ್ತಿಗೆ 112. ಗ್ರಾನಾಡಾದ ಹಳೆಯ ಕೋಟೆ-ಅರಮನೆ ಅಲ್‌ಹಂಬ್ರಾದ ಟಿಕೆಟ್ಟನ್ನು ಮಾತ್ರ ಆದಷ್ಟು ಮೊದಲೇ ತೆಗೆದಿಡಿ, ಅಲ್ಲಿಗೆ ಹೋಗಿ ನೋಡೋಣ ಅಂದರೆ ಸಿಗುವುದು ಕಷ್ಟ. ಒಳಗಿನ ನಸ್ರಿದ್ ಅರಮನೆಗಳಿಗೆ ಟಿಕೆಟ್ಟಿನಲ್ಲೇ ಗಂಟೆ ಬರೆದಿರುತ್ತದೆ, ಅದು ತಪ್ಪಿದರೆ ಬಿಡುವುದಿಲ್ಲ. ಹೆಸರು ತಾಳೆ ನೋಡುತ್ತಾರೆ, ಪಾಸ್‌ಪೋರ್ಟ್ ಜೊತೆಗಿರಲಿ.