ನೆರವು ಕೇಳುವ ಮುಂಚೆ ಹಾಕಬೇಕಾದ ಲೆಕ್ಕ

ಅಮೆರಿಕದಲ್ಲಿ ಪದವಿ ಓದಲು ಹೊರಟ ವಿದೇಶಿ ವಿದ್ಯಾರ್ಥಿಗಳಲ್ಲಿ ಅನೇಕರು ಫ್ಯಾಫ್ಸಾ ಅರ್ಜಿಯ ಮುಂದೆ ಕೂತು ಒಂದು ಸಂಜೆ ಹಾಳು ಮಾಡಿಕೊಳ್ಳುತ್ತಾರೆ. ಅದು ಅಲ್ಲಿನ ಸರ್ಕಾರದ ಹಣಕ್ಕೆ ಹಾಕುವ ಅರ್ಜಿ, ವಿದ್ಯಾರ್ಥಿ ವೀಸಾದವರಿಗೆ ಆ ಹಣ ಸಿಗುವುದಿಲ್ಲ. ಅವರಿಗೆ ಸಿಗುವುದು ಮುಖ್ಯವಾಗಿ ಕಾಲೇಜು ತನ್ನ ಸ್ವಂತ ಗಂಟಿನಿಂದ ಕೊಡುವ ನೆರವು.

ನೆರವು ಕೇಳಿದರೆ ಸೀಟಿಗೇ ಕುತ್ತು ಬರುತ್ತದೆಯೇ? ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿಗಳಲ್ಲಿ ಇಲ್ಲ. 2022ರಲ್ಲಿ ಡಾರ್ಟ್‌ಮತ್ ಕೂಡ ಈ 'ನೀಡ್ ಬ್ಲೈಂಡ್' (ಸೀಟು ಕೊಡುವಾಗ ಹಣದ ಅಗತ್ಯ ನೋಡದ) ಸಾಲಿಗೆ ಬಂತು. ಉಳಿದವು ಹೆಚ್ಚಾಗಿ 'ನೀಡ್ ಅವೇರ್', ಅಂದರೆ ನೀವು ಕೇಳುವ ಮೊತ್ತವೂ ತೂಕಕ್ಕೆ ಬರುತ್ತದೆ. ಹಾಗಂತ 'ಬೇಡ' ಎಂದು ಬರೆದು, ಸೀಟು ಸಿಕ್ಕ ಮೇಲೆ ಕೇಳುವ ಜಾಣತನ ಮಾಡಬೇಡಿ. ಮೊದಲೇ ಕೇಳದ ವಿದೇಶಿ ವಿದ್ಯಾರ್ಥಿಗೆ ಮುಂದಿನ ವರ್ಷಗಳಲ್ಲೂ ಕೊಡುವುದಿಲ್ಲ ಎಂಬ ನಿಯಮ ಹಲವು ಕಾಲೇಜುಗಳಲ್ಲಿದೆ.

ಬಹಳಷ್ಟು ಕಾಲೇಜುಗಳು ಕೇಳುವುದು ಸಿಎಸ್‌ಎಸ್ ಪ್ರೊಫೈಲ್, ಅಂದರೆ ಮನೆಯವರ ಆದಾಯ, ಆಸ್ತಿಯ ವಿವರ ತುಂಬುವ ಅರ್ಜಿ. ಮೊದಲ ಕಾಲೇಜಿಗೆ 25 ಡಾಲರ್, ಆಮೇಲಿನ ಪ್ರತಿಯೊಂದಕ್ಕೆ 16. ಅಷ್ಟು ಕಟ್ಟಲಾಗದಿದ್ದರೆ ನೆರವು ಕಚೇರಿಗೆ ಮೇಲ್ ಹಾಕಿ, ಕೆಲವರು ವಿನಾಯಿತಿ ಕೋಡ್ ಕೊಡುತ್ತಾರೆ. ಈ ಅರ್ಜಿಯಲ್ಲಿ ಎಡವುವುದು ಕರೆನ್ಸಿಯಲ್ಲಿ. ನಿಮ್ಮ ದೇಶದ ಕರೆನ್ಸಿ ಆರಿಸಿ, ಅಂಕಿಗಳನ್ನು ಮಾತ್ರ ಡಾಲರಿಗೆ ಬದಲಿಸಿ ತುಂಬಿದರೆ, ಅರ್ಜಿ ಅದನ್ನು ಮತ್ತೊಮ್ಮೆ ಪರಿವರ್ತಿಸುತ್ತದೆ. ವರ್ಷದ ಆದಾಯ ಕೆಲವೇ ನೂರು ಡಾಲರಿಗೆ ಇಳಿದಿರುತ್ತದೆ. ಇನ್ನೊಂದು ತಪ್ಪು, ಕೈಗೆ ಬರುವ ಸಂಬಳ ಬರೆಯುವುದು. ಅವರಿಗೆ ಬೇಕಾದ್ದು ಕಡಿತಕ್ಕೆ ಮುಂಚಿನ, ಇಡೀ ವರ್ಷದ ಮೊತ್ತ. ಸಂಬಳ ಪತ್ರದ ಅಂಕಿ ಅರ್ಜಿಗೆ ತಾಳೆಯಾಗದಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ.

ನೆರವಿನ ಪತ್ರ ಬಂದಾಗ ಕೆಳಗಿನ ಒಟ್ಟು ಮೊತ್ತ ನೋಡಿ ಹಿಗ್ಗಬೇಡಿ. ಅದರೊಳಗೆ ಕ್ಯಾಂಪಸ್ ಕೆಲಸದ ಸಂಬಳವೂ ಸೇರಿರಬಹುದು. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆ ಮಿತಿ, ದುಡಿದ ಮೇಲಷ್ಟೇ ಹಣ. ಮೊದಲ ಸೆಮಿಸ್ಟರ್ ಬಿಲ್ಲಿಗೆ ಅದು ಒದಗುವುದಿಲ್ಲ.

ಯಾರೂ ಮೊದಲೇ ಹೇಳದ ಬಾಬತ್ತು ತೆರಿಗೆ. ಬೋಧನಾ ಶುಲ್ಕ, ಕಡ್ಡಾಯ ಶುಲ್ಕ, ಕೋರ್ಸಿನ ಪುಸ್ತಕಗಳಿಗೆ ಹೋದ ಅನುದಾನಕ್ಕೆ ತೆರಿಗೆ ಇಲ್ಲ. ವಸತಿ, ಊಟಕ್ಕೆ ಹೋದದ್ದಕ್ಕೆ ಇದೆ. ಅನುದಾನ 80,000 ಡಾಲರ್, ಶುಲ್ಕ-ಪುಸ್ತಕ ಸೇರಿ 62,000 ಅಂದುಕೊಳ್ಳಿ. ಮಿಕ್ಕ 18,000ಕ್ಕೆ, ತೆರಿಗೆ ಒಪ್ಪಂದದ ರಿಯಾಯಿತಿ ಇಲ್ಲದಿದ್ದರೆ, ಎಫ್-1 (ವಿದ್ಯಾರ್ಥಿ) ವೀಸಾದವರಿಗೆ ಶೇ 14ರ ಕಡಿತ, ಅಂದರೆ 2,520 ಡಾಲರ್. 'ಪೂರ್ತಿ ನೆರವು' ಸಿಕ್ಕವರ ಖಾತೆಯಲ್ಲೂ ಸೆಮಿಸ್ಟರ್ ನಡುವೆ ಈ ಬಾಕಿ ಕಾಣಿಸಿಕೊಳ್ಳುವುದುಂಟು. ಅದನ್ನು ಕಾಲೇಜೇ ತುಂಬಿಕೊಡುತ್ತದೆಯೇ ಎಂದು, ಸೀಟು ಒಪ್ಪಿಕೊಳ್ಳುವ ಮುಂಚೆ ಲಿಖಿತವಾಗಿ ಕೇಳಿ.