ಮೀಟರ್ ಏಳು ತೋರಿಸಿದ ಬೆಳಿಗ್ಗೆ

ಅಮ್ಮ ಆಸ್ಟ್ರೇಲಿಯಾಕ್ಕೆ ಬಂದು ಮೂರು ವಾರವಾಗಿತ್ತು. ತಂದಿದ್ದ ಶುಗರ್ ಸ್ಟ್ರಿಪ್ ಮುಗಿದವು. ಅವಳ ಮೀಟರಿಗೆ ಹೊಂದುವ ಸ್ಟ್ರಿಪ್ ಇಲ್ಲಿ ಸಿಗಲಿಲ್ಲ, ಹಾಗಾಗಿ ಹಿಂದಿನ ಸಂಜೆ ಹೊಸ ಮೀಟರನ್ನೇ ಕೊಂಡು ತಂದಿದ್ದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿಕೊಂಡು, ಒಂದು ಹನಿ ರಕ್ತ ಹಚ್ಚಿ, ಅಂಕಿ ಮೂಡುವುದನ್ನೇ ನೋಡುತ್ತಾ ಕೂತಿದ್ದಳು.

"ಅಯ್ಯೋ, ಏಳು ತೋರಿಸ್ತಾ ಇದೆ ಕಣೋ! ಮೊನ್ನೆ ನೂರಾ ಮೂವತ್ತಿತ್ತು!"

ನಾನು ಓಡಿಬಂದಾಗ ಅವಳ ಕೈ ನಡುಗುತ್ತಿತ್ತು. ಶುಗರ್ ಇಳಿದರೆ ಕೈ ನಡುಗುತ್ತದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಸಕ್ಕರೆ ಡಬ್ಬದ ಮುಚ್ಚಳ ತೆಗೆದು ಚಮಚ ತುಂಬಿಸಿಯೂ ಬಿಟ್ಟಿದ್ದೆ. ಆಮೇಲೆ ಮೀಟರನ್ನು ಕೈಗೆ ತೆಗೆದುಕೊಂಡು ನೋಡಿದೆ. ಇದ್ದದ್ದು ಬರೀ ಏಳಲ್ಲ, 7.2. ಅಂಕಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ಲೀಟರಿಗೆ ಇಷ್ಟು ಮಿಲಿಮೋಲ್ ಎಂಬ ಅಳತೆ. ಅದನ್ನು 18ರಿಂದ ಗುಣಿಸಿದರೆ ಸುಮಾರು 130. ಮೊನ್ನೆ ಇದ್ದಷ್ಟೇ! ಅವಳ ಕೈ ನಡುಗಿದ್ದು ಹೆದರಿಕೆಗೆ.

ಆಸ್ಟ್ರೇಲಿಯಾ, ಬ್ರಿಟನ್, ಕೆನಡಾಗಳಲ್ಲಿ ರಕ್ತದ ಸಕ್ಕರೆಯನ್ನು ಅಳೆಯುವುದೇ ಹೀಗೆ. ಭಾರತದಲ್ಲೂ ಅಮೆರಿಕದಲ್ಲೂ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ. ಎಷ್ಟೋ ವರ್ಷದಿಂದ ಇಲ್ಲಿರುವ ನಾನು ಇದನ್ನು ಅವಳಿಗೆ ಮೊದಲೇ ಹೇಳಬೇಕಿತ್ತು. ಬೆಚ್ಚನೆ ಕೋಟು ತರಲು ಹೇಳಿದ್ದೆ, ವಿಮಾನ ನಿಲ್ದಾಣದಲ್ಲಿ ಯಾವ ಕಡೆ ತಿರುಗಬೇಕು ಎಂದು ಹೇಳಿದ್ದೆ. ಇದೊಂದನ್ನು ಹೇಳಿರಲಿಲ್ಲ.

ಪರದೇಶದಲ್ಲಿ ಆರೋಗ್ಯ ಎಂದರೆ ನಮಗೆ ತಟ್ಟನೆ ನೆನಪಾಗುವುದು ದೊಡ್ಡ ದೊಡ್ಡ ರೋಗಗಳು. ನಾನು ಕಂಡ ಮಟ್ಟಿಗೆ ಹೆಚ್ಚಿನ ತೊಂದರೆ ಶುರುವಾಗುವುದು ಇಂಥ ಕಡೆ. ಮೈ ಅದೇ, ಕಾಯಿಲೆ ಅದೇ, ಆದರೆ ಅದರ ಹೆಸರು, ಅಳತೆ, ಗುಳಿಗೆಯ ಡಬ್ಬಿ ಎಲ್ಲ ಬೇರೆ.

ಇನ್ಸುಲಿನ್ ತೆಗೆದುಕೊಳ್ಳುವವರಂತೂ ಈ ಮಾತನ್ನು ನಿಧಾನವಾಗಿ ಓದಿ. ಸೀಸೆಯಲ್ಲಿ ಬರುವ ಇನ್ಸುಲಿನ್ ಕೆಲವು ದೇಶಗಳಲ್ಲಿ ಮಿಲಿಲೀಟರಿಗೆ 40 ಯೂನಿಟ್, ಹೆಚ್ಚಿನ ದೇಶಗಳಲ್ಲಿ 100 ಯೂನಿಟ್. ಸಿರಿಂಜಿನ ಗೆರೆಗಳೂ ಅದಕ್ಕೆ ತಕ್ಕಂತೆಯೇ ಇರುತ್ತವೆ. 40ರ ಸಿರಿಂಜ್ ಜೊತೆಗೆ ತಂದು, ಇನ್ಸುಲಿನ್ ಮುಗಿದ ಮೇಲೆ ಇಲ್ಲಿನ 100ರ ಇನ್ಸುಲಿನನ್ನು ಅದೇ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 20 ಯೂನಿಟ್ ಅಲ್ಲ, 50. ಪ್ರಾಣಕ್ಕೇ ಕುತ್ತು. ಸೀಸೆ ಬದಲಾದರೆ ಸಿರಿಂಜೂ ಬದಲಾಗಲೇಬೇಕು. ಇನ್ಸುಲಿನನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ. ವಿಮಾನದ ಹೊಟ್ಟೆಗೆ ಹೋಗುವ ಸೂಟ್‌ಕೇಸಿನಲ್ಲಿ ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬಾರದು.

ಆ ದಿನವೇ ಮಧ್ಯಾಹ್ನ ಅಮ್ಮನನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆದೆವು. ಅವಳ ಎಲ್ಲ ಗುಳಿಗೆಗಳ ಪಟ್ಟಿ. ಮೊದಲು ಅವಳು ಹೇಳಿದ್ದು ಕಂಪನಿ ಇಟ್ಟ ಹೆಸರುಗಳನ್ನು: "ಇದು ಬಿಪಿದು, ಆ ಬಿಳೀದು ಶುಗರಿಂದು." ಕಂಪನಿ ಹೆಸರು ಗಡಿ ದಾಟಿದರೆ ಡಾಕ್ಟರಿಗೂ ಅರ್ಥವಾಗುವುದಿಲ್ಲ. ಸ್ಟ್ರಿಪ್ಪಿನ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇರುವ ಔಷಧಿಯ ಮೂಲ ಹೆಸರು, ಅದರ ಮುಂದೆ ಎಷ್ಟು ಮಿಲಿಗ್ರಾಂ, ಅವೇ ಬೇಕಾದವು. ಅಮ್ಮನ ಒಂದು ಗುಳಿಗೆಯಲ್ಲಿ ಎರಡು ಔಷಧಿ ಸೇರಿಕೊಂಡಿವೆ ಎಂಬುದು ಇಷ್ಟು ವರ್ಷಗಳ ಮೇಲೆ ಅವತ್ತೇ ನಮಗಿಬ್ಬರಿಗೂ ಗೊತ್ತಾದದ್ದು.

ಮೂಲ ಹೆಸರೂ ಒಮ್ಮೊಮ್ಮೆ ಬೇರೆಯಾಗುತ್ತದೆ. ಪ್ಯಾರಾಸಿಟಮಾಲನ್ನು ಅಮೆರಿಕದಲ್ಲೂ ಜಪಾನಿನಲ್ಲೂ ಅಸಿಟಮಿನೋಫೆನ್ ಎನ್ನುತ್ತಾರೆ. ಜ್ವರಕ್ಕೆಂದು ಒಂದು, ನೆಗಡಿಗೆಂದು ಇನ್ನೊಂದು ನುಂಗಿದರೆ ಎರಡರಲ್ಲೂ ಇದೇ ಔಷಧಿ ಇರಬಹುದು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇರೆ, ಅದನ್ನು ಮೀರಿದರೆ ಪಿತ್ತಜನಕಾಂಗಕ್ಕೆ ಪೆಟ್ಟು. ಆಸ್ತಮಾದವರ ಸಾಲ್ಬುಟಮಾಲ್ ಅಮೆರಿಕದಲ್ಲಿ ಆಲ್ಬುಟೆರಾಲ್. ಇವೆಲ್ಲ ಆ ಹಾಳೆಯಲ್ಲಿರಲಿ. ಯಾವ ಔಷಧಿ ಮೈಗೆ ಆಗುವುದಿಲ್ಲ ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ.

ಔಷಧಿ ತರುವುದಕ್ಕೂ ಒಂದೊಂದು ದೇಶದಲ್ಲಿ ಒಂದೊಂದು ಕಾನೂನು. ಆಸ್ಟ್ರೇಲಿಯಾಕ್ಕೆ ಮೂರು ತಿಂಗಳಿಗೆ ಆಗುವಷ್ಟು ತರಬಹುದು, ಡಾಕ್ಟರ ಚೀಟಿ ಜೊತೆಗಿರಬೇಕು, ಇಳಿಯುವಾಗ ಕೊಡುವ ಕಾರ್ಡಿನಲ್ಲಿ ಔಷಧಿ ಇದೆ ಎಂದು ಹೇಳಬೇಕು. ಮೂಗು ಕಟ್ಟಿದ್ದಕ್ಕೆ ಕೊಡುವ ಸೂಡೊಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿರುವ ಮಾತ್ರೆಯನ್ನು ಜಪಾನಿನೊಳಗೆ ಒಯ್ಯುವಂತೆಯೇ ಇಲ್ಲ. ಟ್ರಮಡಾಲ್, ಕೊಡೀನ್ ಇರುವ ನೋವಿನ ಗುಳಿಗೆಗಳನ್ನು ದುಬೈಗೆ ಒಯ್ಯಲು ಮೊದಲೇ ಅನುಮತಿ ಪಡೆಯಬೇಕು. ಗುಳಿಗೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಪ್ಲಾಸ್ಟಿಕ್ ಡಬ್ಬಿಗೆ ಸುರಿದುಕೊಂಡು ಬರುವವರು ತುಂಬ ಜನ. ದಯವಿಟ್ಟು ಹಾಗೆ ಮಾಡಬೇಡಿ.

ವಿಮಾನದ ಬಗ್ಗೆ ಎರಡೇ ಮಾತು. ನಾಲ್ಕು ಗಂಟೆಗೂ ಮೀರಿ ಕೂತೇ ಇದ್ದರೆ ಕಾಲಿನ ಒಳರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ. ನಡುದಾರಿಯ ಪಕ್ಕದ ಸೀಟು ಕೇಳಿ, ಆಗಾಗ ಎದ್ದು ನಡೆಯಿರಿ, ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ. ಇಳಿದ ಮೇಲೆ ಒಂದೇ ಕಾಲು ಬಾತು ಮೀನಖಂಡ ನೋಯತೊಡಗಿದರೆ, ಅಥವಾ ಉಸಿರು ಕಟ್ಟಿದಂತಾದರೆ, ಪ್ರಯಾಣದ ಆಯಾಸ ಎಂದುಕೊಂಡು ಮಲಗಬೇಡಿ.

ಇನ್ನು ಹೊಟ್ಟೆಯ ಸಂಗತಿ. ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿದ್ದೆ. ಹೋಟೆಲಿನ ಹತ್ತನೇ ಮಹಡಿ, ರಾತ್ರಿ ಎರಡು ಗಂಟೆ, ಐದನೇ ಸಲ ಬಚ್ಚಲಿಗೆ ಹೋಗಿ ಬಂದವನು ಗೋಡೆ ಹಿಡಿದು ನಿಂತಿದ್ದೆ. ನಾಲಿಗೆ ಮರದ ಚೂರಿನಂತಾಗಿತ್ತು. ಚೀಲದ ತಳದಲ್ಲಿ ಓಆರ್‌ಎಸ್ ಪೊಟ್ಟಣವಿತ್ತು. ಹರಿದು ಲೋಟಕ್ಕೆ ಸುರಿಯುವ ಮೊದಲು, ಯಾಕೋ ಫೋನಿನ ಬೆಳಕು ಹಾಯಿಸಿ ಓದಿದೆ: ಒಂದು ಲೀಟರ್ ನೀರಿಗೆ. ಕೈಯಲ್ಲಿದ್ದ ಲೋಟ ಇನ್ನೂರು ಮಿಲಿಯದು. ಅಷ್ಟು ಗಟ್ಟಿಯಾಗಿ ಕಲಸಿ ಕುಡಿದಿದ್ದರೆ ಭೇದಿ ಇನ್ನೂ ಜಾಸ್ತಿಯಾಗುತ್ತಿತ್ತು, ಮೈಯ ಉಪ್ಪಿನಂಶವೂ ಏರುಪೇರಾಗುತ್ತಿತ್ತು. ಸೀಲ್ ಮಾಡಿದ ಲೀಟರ್ ಬಾಟಲಿ ಒಡೆದು, ಅದರಲ್ಲೇ ಕಲಸಿ, ಗುಟುಕು ಗುಟುಕಾಗಿ ಬೆಳಗಿನವರೆಗೆ ಕುಡಿದೆ. ಆರು ಗಂಟೆ ಹೊತ್ತಿಗೆ ಮೂತ್ರ ಬಂತು, ಜೀವ ಬಂತು.

ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಭೇದಿ ಆಗುತ್ತಿದ್ದರೂ ಕರುಳು ಗ್ಲೂಕೋಸಿನ ಜೊತೆಗೆ ಸೋಡಿಯಂ ಅನ್ನು ಒಳಗೆಳೆದುಕೊಳ್ಳುತ್ತದೆ, ಅದರ ಬೆನ್ನಿಗೇ ನೀರೂ ಒಳಗೆ ಬರುತ್ತದೆ. ಬರೀ ನೀರು ಸಾಲದು ಎನ್ನುವುದು ಇದಕ್ಕೇ. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಬಸ್ಸು ವಿಮಾನ ಹತ್ತಬೇಕಾದಾಗ ನುಂಗುವವರಿದ್ದಾರೆ. ಜ್ವರವಿದ್ದರೆ, ಮಲದಲ್ಲಿ ರಕ್ತ ಕಂಡರೆ ಅದನ್ನು ಮುಟ್ಟಬೇಡಿ, ಡಾಕ್ಟರ ಹತ್ತಿರ ಹೋಗಿ.

ನಾಯಿ, ಕೋತಿ, ಬಾವಲಿ ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು, ಅದೇ ದಿನ ಲಸಿಕೆಗೆ ಹೋಗಿ. ಊರಿಗೆ ಹೋದ ಮೇಲೆ ತೋರಿಸೋಣ ಎಂದು ಕಾಯುವ ಹಾಗಿಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವ ಔಷಧಿ ಇಲ್ಲ. ಹಳದಿ ಜ್ವರದ ಲಸಿಕೆ ಬೇಕಾದ ದೇಶಕ್ಕೆ ಹೋಗುವವರು ಕೊನೇ ವಾರಕ್ಕೆ ಬಿಡಬೇಡಿ, ಪ್ರಮಾಣಪತ್ರ ಸಿಂಧುವಾಗುವುದು ಮೊದಲ ಸಲ ಚುಚ್ಚಿಸಿಕೊಂಡ 10 ದಿನದ ಮೇಲೆ.

ವಿಮೆ ಮಾಡಿಸುವಾಗ ಇರುವ ಕಾಯಿಲೆ ಮುಚ್ಚಿಡಬೇಡಿ. ಕಂತು ಸ್ವಲ್ಪ ಹೆಚ್ಚಾಗಬಹುದು ಎಂದು ಬಿಪಿ, ಶುಗರ್ ಬರೆಯದೆ ಬಿಟ್ಟರೆ ಆಸ್ಪತ್ರೆಯ ಬಿಲ್ ಬಂದಾಗ ಅದೇ ನೆಪವಾಗುತ್ತದೆ. ನಿಮ್ಮ ಮಕ್ಕಳು ಇಲ್ಲಿಂದ ಫೋನಿನಲ್ಲಿ ಕೇಳಿದರೂ ನಿಜ ಹೇಳಿ. "ಏನಿಲ್ಲಪ್ಪ, ಚೆನ್ನಾಗಿದೀನಿ" ಎಂಬ ಅಮ್ಮನ ಮಾತನ್ನು ನಂಬಿ ನಾನು ಎಷ್ಟೋ ವರ್ಷ ಕಳೆದಿದ್ದೇನೆ.

ಅಮ್ಮ ಹೊರಡುವ ಹಿಂದಿನ ರಾತ್ರಿ ಆ ಹಾಳೆಯನ್ನು ಮಡಿಸಿ ಪಾಸ್‌ಪೋರ್ಟಿನ ಕವರಿನೊಳಗೆ ಇಟ್ಟೆ. ಹಿಂಬದಿಯಲ್ಲಿ ಅವಳು ಬಂದ ತಾರೀಖು, ಹೋಗುವ ತಾರೀಖು, ನಡುವೆ ವಿಮಾನ ಬದಲಿಸುವ ಊರು ಬರೆದಿದ್ದೆ. "ಇದ್ಯಾಕೋ, ಟಿಕೆಟ್ಟಲ್ಲಿ ಇದ್ದೇ ಇದೆಯಲ್ಲ?" ಎಂದಳು. ಇದು ಡಾಕ್ಟರಿಗೆ ಎಂದೆ. ಪ್ರವಾಸ ಮುಗಿಸಿ ಮನೆಗೆ ಬಂದು ಎಷ್ಟೋ ದಿನದ ಮೇಲೆ ಜ್ವರ ಬರಬಹುದು. ಮಲೇರಿಯಾ ಇರುವ ದೇಶಕ್ಕೆ ಹೋಗಿ ಬಂದಿದ್ದರೆ ತಿಂಗಳುಗಳ ನಂತರವೂ ಬರಬಹುದು. ಆಗ ಎದುರಿಗೆ ಕೂತ ಡಾಕ್ಟರಿಗೆ, ನಾವು ಎಲ್ಲೆಲ್ಲಿಗೆ ಹೋಗಿದ್ದೆವು ಎಂದು ನಾವಾಗಿಯೇ ಹೇಳಬೇಕು.

ಅವಳು ಹಾಳೆಯನ್ನು ಮತ್ತೆ ಬಿಡಿಸಿದಳು, ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದಳು. ಪೆನ್ನು ಕೇಳಿ ತೆಗೆದುಕೊಂಡು ಕೊನೆಯಲ್ಲಿ ಒಂದು ಸಾಲು ಸೇರಿಸಿದಳು: "ಮಂಡಿ ನೋವು, ಎಡಗಡೆ, ಎರಡು ವರ್ಷದಿಂದ." ಅದನ್ನು ಅವಳು ನನಗೆ ಹೇಳಿದ್ದು ಅದೇ ಮೊದಲು.