ಕಾರಾಗಿ 25 ವರ್ಷ, ಪ್ರಾಜೆಕ್ಟ್ ಆಗಿ 37

ಕೊಟ್ಟಿಗೆಯ ಬಾಗಿಲು ತೆರೆಯಲು ಇಬ್ಬರು ಬೇಕಾಯಿತು. ಮೇಲಿನ ಕೀಲು ಕಳಚಿ, ಕೆಳಗಿನ ಹಲಗೆ ಮಣ್ಣಿಗೆ ಕಚ್ಚಿಕೊಂಡಿತ್ತು. 78 ವರ್ಷದ ಆ ಯಜಮಾನರು ಒಂದು ಕಡೆ ಎತ್ತಿ ಹಿಡಿದರು, ನಾನು ಇನ್ನೊಂದು ಕಡೆ ಭುಜ ಕೊಟ್ಟು ತಳ್ಳಿದೆ. ಒಳಗೆ ಹುಲ್ಲು ಕತ್ತರಿಸುವ ಮೂರು ಯಂತ್ರಗಳು, ಒಂದು ಮುರುಕು ಏಣಿ, ಅದರಾಚೆ ಟಾರ್ಪಾಲಿನಡಿ 1961ರ ರೋವರ್ 100. ಟಾರ್ಪಾಲು ಎಳೆದರೆ ಕಾರಿಗಿಂತ ಮೊದಲು ಧೂಳು ಹೊರಗೆ ಬಂತು. ನಾಲ್ಕೂ ಟೈರು ಗಾಳಿ ಹೋಗಿ, ಕಾರು ದಣಿದ ಹಸುವಿನ ಹಾಗೆ ನೆಲಕ್ಕೆ ಕೂತಿತ್ತು.

"ಒಳ್ಳೇ ಪ್ರಾಜೆಕ್ಟ್," ಅಂದರು ಯಜಮಾನರು.

ಮುಂದಿನ ಗಾಜಿನ ಮೂಲೆಯಲ್ಲಿ ದುಂಡನೆಯ ತೆರಿಗೆ ಚೀಟಿ ಇನ್ನೂ ಅಂಟಿಕೊಂಡಿತ್ತು. ಬ್ರಿಟನ್ನಿನಲ್ಲಿ ಆ ಕಾಗದದ ಚೀಟಿಯ ಪದ್ಧತಿಯೇ 2014ರ ಅಕ್ಟೋಬರಿಗೆ ಮುಗಿದುಹೋಗಿದೆ. ಇದರ ಮೇಲಿದ್ದ ವರ್ಷ 1986.

"ಆಗ ನಿಲ್ಲಿಸಿದ್ದಾ?"

"ನಾನಲ್ಲ. ನಾನು ತಂದದ್ದು 94ರಲ್ಲಿ. ಅದಕ್ಕೆ ಮುಂಚಿನವರು 86ರಲ್ಲಿ ರಿಪೇರಿ ಮಾಡೋಣ ಅಂತ ತಗೊಂಡಿದ್ರು."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನಾವು ನಿಂತಿದ್ದದ್ದು 2023ರ ಮಾರ್ಚಿನಲ್ಲಿ. ಈ ಕಾರು ಕಾರಾಗಿದ್ದದ್ದು 25 ವರ್ಷ, ಪ್ರಾಜೆಕ್ಟ್ ಆಗಿರುವುದು 37 ವರ್ಷ. ಓಡಿದ್ದಕ್ಕಿಂತ ಹೆಚ್ಚು ಕಾಲ ಯಾರದ್ದೋ ಮುಂದಿನ ಭಾನುವಾರಕ್ಕೆ ಕಾದಿತ್ತು. ಅಲ್ಲಿಗೇ ತಿರುಗಿ ಬಂದಿದ್ದರೆ ಈ ಬರಹ ಇರುತ್ತಿರಲಿಲ್ಲ, ನಮ್ಮ ಗ್ಯಾರೇಜಿನಲ್ಲಿ ಸೈಕಲ್ ಇಡಲು ಜಾಗವೂ ಇರುತ್ತಿತ್ತು.

ಈ ಜಾತಿಯ ರೋವರನ್ನು ಬಲ್ಲವರು ಪಿ4 ಅನ್ನುತ್ತಾರೆ. 1949ರಿಂದ 1964ರವರೆಗೆ, ಹೆಚ್ಚುಕಡಿಮೆ 1,30,000 ಕಾರುಗಳು ಸೋಲಿಹಲ್ ಕಾರ್ಖಾನೆಯಿಂದ ಹೊರಬಂದವು. ವೈದ್ಯರು, ಬ್ಯಾಂಕ್ ಮ್ಯಾನೇಜರುಗಳು ಓಡಿಸುತ್ತಿದ್ದ ಗಂಭೀರ ಗಾಡಿ. ಇಂಗ್ಲಿಷರು ಅದಕ್ಕೆ ಪ್ರೀತಿಯಿಂದ ಇಟ್ಟ ಹೆಸರು ‘ಆಂಟಿ’. ನಮ್ಮ ಬಾಯಲ್ಲಿ ಆ ಪದಕ್ಕೆ ಈಗ ಬೇರೆ ಬಣ್ಣ ಬಂದಿರುವುದರಿಂದ ನಾನು ದೊಡ್ಡಮ್ಮ ಅಂದುಕೊಳ್ಳುತ್ತೇನೆ, ಅದೇ ಸರಿ ಹೊಂದುತ್ತದೆ. ದಪ್ಪ ಚರ್ಮದ ಸೀಟು, ಮರದ ಡ್ಯಾಶ್‌ಬೋರ್ಡು, ಅದರ ಕೆಳಗೆ ಸ್ಪ್ಯಾನರುಗಳನ್ನು ಒಂದೊಂದಾಗಿ ಮಲಗಿಸಿಡುವ ಡ್ರಾಯರು. ಹಿಂದಿನ ಬಾಗಿಲುಗಳು ಎದುರು ದಿಕ್ಕಿಗೆ ತೆರೆದುಕೊಳ್ಳುತ್ತವೆ, ಹಳೇ ಮನೆಯ ಜೋಡಿ ಬಾಗಿಲಿನ ಹಾಗೆ. ಬಾನೆಟ್ಟಿನಡಿ 2.6 ಲೀಟರಿನ ಆರು ಸಿಲಿಂಡರ್ ಇಂಜಿನ್. ಅದರ ಗಾಳಿ ಒಳಬಿಡುವ ಇನ್‌ಲೆಟ್ ವಾಲ್ವುಗಳು ಮೇಲೆ ಹೆಡ್ಡಿನಲ್ಲಿ, ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವುಗಳು ಕೆಳಗೆ ಬ್ಲಾಕಿನ ಪಕ್ಕದಲ್ಲಿ. ಇಂಥ ವಿಚಿತ್ರ ಜೋಡಣೆಯಿಂದಲೇ ಅದು ಅಷ್ಟು ಮೆತ್ತಗೆ ಓಡುತ್ತದೆ ಎಂದು ನಂಬಿದವರಿದ್ದಾರೆ. ನಾನು ಓಡಿಸಿಲ್ಲ, ಹೇಳಲಾರೆ.

ನೋಡಲು ಹೋಗುವ ಮುಂಚೆ ನಾನು ಓದಿಕೊಂಡೇ ಹೋಗಿದ್ದೆ. ಜೇಬಿನಲ್ಲಿ ಟಾರ್ಚ್, ಹಳೇ ಸ್ಕ್ರೂಡ್ರೈವರ್, ಫ್ರಿಜ್ ಮೇಲಿಂದ ಕಿತ್ತು ತಂದ ಬ್ಲ್ಯಾಕ್‌ಪೂಲ್ ಟವರಿನ ಮ್ಯಾಗ್ನೆಟ್. ಹಳೇ ಕಾರಿಗೆ ಮ್ಯಾಗ್ನೆಟ್ ಹಿಡಿದರೆ ಸತ್ಯ ಗೊತ್ತಾಗುತ್ತದೆ. ಉಕ್ಕಿದ್ದಲ್ಲಿ ಕಚ್ಚಿಕೊಳ್ಳುತ್ತದೆ, ತುಕ್ಕು ತಿಂದು, ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರೆ ಕೆಳಗೆ ಬೀಳುತ್ತದೆ.

ಮುಂದಿನ ಬಾಗಿಲಿಗೆ ಇಟ್ಟೆ. ಬಿತ್ತು. ಹಿಂದಿನ ಬಾಗಿಲಿಗೆ ಇಟ್ಟೆ. ಬಿತ್ತು. ಬಾನೆಟ್, ಡಿಕ್ಕಿಯ ಮುಚ್ಚಳ, ಎಲ್ಲ ಕಡೆ ಬ್ಲ್ಯಾಕ್‌ಪೂಲ್ ಟವರ್ ಹುಲ್ಲಿನ ಪುಡಿಯೊಳಗೆ ಮುಖ ಅಡಿಯಾಗಿ ಬೀಳುತ್ತಲೇ ಹೋಯಿತು. ಇಡೀ ಕಾರನ್ನೇ ಪುಟ್ಟಿಯಲ್ಲಿ ಮಾಡಿದ್ದಾರೇನೋ ಅನ್ನಿಸಿತು. ಯಜಮಾನರು ಏಣಿಗೆ ಒರಗಿ ನೋಡುತ್ತಿದ್ದರು. ಐದನೇ ಸಲ ಬಿದ್ದಾಗ ತಡೆಯಲಾರದೆ ನಕ್ಕರು.

"ಅದು ಅಲ್ಯೂಮಿನಿಯಂ ಕಣಪ್ಪಾ. ನೀವು ಇಡೀ ದಿನ ಇಟ್ಟರೂ ನಿಲ್ಲಲ್ಲ."

ನಿಜ. ಯುದ್ಧ ಮುಗಿದ ಮೇಲೆ ಉಕ್ಕು ಸಿಗುವುದೇ ಕಷ್ಟವಾಗಿದ್ದ ಕಾಲದಲ್ಲಿ ರೋವರ್ ಕಂಪನಿ ಬರ್ಮಾಬ್ರೈಟ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹಕ್ಕೆ ಕೈಹಾಕಿತ್ತು. ಲ್ಯಾಂಡ್ ರೋವರಿನ ಮೈ ಆದದ್ದೂ ಅದರಿಂದಲೇ. ಪಿ4ನ ಬಾಗಿಲು, ಬಾನೆಟ್, ಡಿಕ್ಕಿಗೂ ಅದನ್ನೇ ಬಳಸಿದರು. ನಾನು ಅದನ್ನು ಓದಿದ್ದೆ ಕೂಡ. ಕೊಟ್ಟಿಗೆಯೊಳಗೆ ಕಾಲಿಡುತ್ತಲೇ ಮರೆತಿದ್ದೆ. ತಪ್ಪಿಲ್ಲದ ಬಾಗಿಲುಗಳನ್ನು ಸಂಶಯಪಟ್ಟೆನಲ್ಲ ಎಂದು ನಾಚಿಕೆಯಾಯಿತು. ಆ ನಾಚಿಕೆಯೇ ಮುಂದಿನ ಎಡವಟ್ಟು ಮಾಡಿಸಿತು. ಎಡಗಡೆ ಮುಂದಿನ ಮಡ್‌ಗಾರ್ಡಿನ ಕೆಳಭಾಗದಲ್ಲೂ ಮ್ಯಾಗ್ನೆಟ್ ಬಿತ್ತು. ಓಹೋ, ಇದೂ ಅಲ್ಯೂಮಿನಿಯಂ ಎಂದು ಜಾಣನ ಹಾಗೆ ತಲೆಯಾಡಿಸಿ ಮುಂದೆ ಹೋದೆ. ಯಜಮಾನರೂ ತಲೆಯಾಡಿಸಿದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ಕೇಳಿಲ್ಲ. ಪಿ4ನ ಮಡ್‌ಗಾರ್ಡು ಉಕ್ಕಿನದ್ದು.

ಅಂಗಾತ ಮಲಗಿ ಕೆಳಗೆ ತೂರಿದೆ. ಈ ಕಾರಿಗೆ ಪ್ರತ್ಯೇಕ ಚಾಸಿ ಇದೆ, ಮೇಲಿನ ಮೈಯನ್ನು ಅದರ ಮೇಲೆ ಕೂರಿಸಿ ಬೋಲ್ಟ್ ಮಾಡಿದ್ದಾರೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟುತ್ತಾ ಹೋದೆ. ಮಾಗಿದ ಹಲಸನ್ನೂ ಕಾಯಿ ಹಲಸನ್ನೂ ತಟ್ಟಿಯೇ ಹೇಳುತ್ತಾರಲ್ಲ, ಹಾಗೆ. ಟಣ್ ಟಣ್ ಅಂದರೆ ಗಟ್ಟಿ, ಬದ್ ಅಂದರೆ ಹೋಗಿದೆ. ಚಾಸಿಯ ಮುಖ್ಯ ತೊಲೆಗಳು ಟಣ್ ಎಂದವು. ಹಿಂದಿನ ಆಕ್ಸಲ್ ಮೇಲೆ ಕಮಾನಿನಂತೆ ಬಗ್ಗುವ ಜಾಗದಲ್ಲೇ ಇವು ಸಾಮಾನ್ಯವಾಗಿ ಸಾಯುವುದು, ಅಲ್ಲೂ ಗಟ್ಟಿಯಿತ್ತು. ಬಲಗಡೆ ಹೊರಚಾಚಿದ ಎರಡು ತೋಳುಗಳಲ್ಲಿ ಮಾತ್ರ ಸ್ಕ್ರೂಡ್ರೈವರ್ ಬೆಣ್ಣೆಯೊಳಗೆ ಹೋದ ಹಾಗೆ ಹೋಯಿತು, ಕಣ್ಣಿಗೆ ತುಕ್ಕಿನ ಪುಡಿ ಬಿತ್ತು.

ಕಾರಿನೊಳಗೆ ಇಲಿ ಸಂಸಾರ ಮಾಡಿತ್ತು. ಗ್ಲವ್ ಬಾಕ್ಸಿನಲ್ಲಿ ಗೂಡು, ಆ ಗೂಡು ಕಟ್ಟಿದ್ದು ಕಾರಿನ ಕೈಪಿಡಿಯನ್ನು ಚೂರು ಮಾಡಿ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದರೆ ಹಳೇ ವಾರ್ನಿಷ್ ವಾಸನೆ. ಇಂಜಿನ್ ಆಯಿಲ್ ಕಪ್ಪಗಿತ್ತು, ಆದರೆ ಅದರಲ್ಲಿ ನೀರು ಬೆರೆತ ಮಜ್ಜಿಗೆಯ ಬಣ್ಣ ಇರಲಿಲ್ಲ. ಅದೊಂದು ಸಮಾಧಾನ.

"ಇಂಜಿನ್ ತಿರುಗುತ್ತಾ?"

"ನಾನು ತಂದಾಗ ಚೆನ್ನಾಗಿ ತಿರುಗ್ತಿತ್ತು," ಅಂದರು.

ಸತ್ತ ಎಮ್ಮೆ ಯಾವಾಗಲೂ ಸೇರುಗಟ್ಟಲೆ ಹಾಲು ಕೊಡುತ್ತಿರುತ್ತದೆ.

ಆಮೇಲೆ ಡಬ್ಬಿಗಳನ್ನು ತೋರಿಸಿದರು. ಬಿಚ್ಚಿಟ್ಟ ಕಾರನ್ನು ಎಂದೂ ಕೊಳ್ಳಬೇಡ ಎಂದು ಈ ಹುಚ್ಚಿನಲ್ಲಿ ಕೈಸುಟ್ಟುಕೊಂಡ ಎಲ್ಲರೂ ಹೇಳುತ್ತಾರೆ. ತುಕ್ಕು ಹಿಡಿದರೂ ಸರಿ, ಪೂರ್ತಿಯಾಗಿರುವುದನ್ನು ತಗೋ; ಬಿಚ್ಚುವಾಗ ಕಣ್ಣಲ್ಲಿ ಕಂಡದ್ದು ಕೂಡಿಸುವಾಗ ನೆನಪಿರುತ್ತದೆ, ಇನ್ನೊಬ್ಬ ಬಿಚ್ಚಿದ್ದರ ನೆನಪು ಅವನ ಜೊತೆಗೇ ಹೋಗಿರುತ್ತದೆ. ಬುದ್ಧಿಯ ಮಾತೇ. ಕೊಟ್ಟಿಗೆಯ ಹಲಗೆಯ ಮೇಲಿದ್ದದ್ದು 31 ಬಿಸ್ಕತ್ತಿನ ಡಬ್ಬಿ, ಐಸ್‌ಕ್ರೀಂ ಡಬ್ಬಿಗಳು. ಸ್ಟಾರ್ಟರ್, ಡೈನಮೋ, ಬ್ರೇಕಿನ ಸಾಮಾನು, ಟವೆಲಿನಲ್ಲಿ ಸುತ್ತಿದ ಎಸ್‌ಯು ಕಾರ್ಬ್ಯುರೇಟರ್.

ಡಬ್ಬಿಗಳಲ್ಲಿ ಎರಡು ಬಗೆ. ತಗಡಿನವು 86ರ ಮನುಷ್ಯನವು. ಪ್ರತಿಯೊಂದರ ಮೇಲೂ ಪೆನ್ಸಿಲಿನಲ್ಲಿ, ಬಿಡಿಬಿಡಿ ಅಕ್ಷರದಲ್ಲಿ ಬರೆದ ಚೀಟಿ: "ಸ್ಟಾರ್ಟರ್ ಬೋಲ್ಟ್, ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ, ವಾಷರ್ ತಿರುಗಿಸಬೇಡ." ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಬೋಲ್ಟುಗಳು ನಿನ್ನೆ ಬಿಚ್ಚಿದ ಹಾಗೆ ಹೊಳೆಯುತ್ತಿದ್ದವು. ಪ್ಲಾಸ್ಟಿಕ್ಕಿನವು ಯಜಮಾನರವು. ಅವುಗಳ ಮೇಲಿನ ಬರಹ ಹೀಗಿತ್ತು: "ಬಹುಶಃ ಬ್ರೇಕ್." "ಇತರೆ." ಇನ್ನೊಂದರ ಮೇಲೆ ಬರೀ ಪ್ರಶ್ನಾರ್ಥಕ ಚಿಹ್ನೆ.

"ಆ ಮೊದಲಿನವರು ಯಾಕೆ ನಿಲ್ಲಿಸಿಬಿಟ್ಟರು?"

"ಮನೆ ಬದಲಾಯಿಸಿದರು. ಹೊಸ ಮನೆಗೆ ಗ್ಯಾರೇಜ್ ಇರಲಿಲ್ಲ."

"ನೀವು?"

"ನಾನು ನಿಲ್ಲಿಸಲಿಲ್ಲ," ಅಂದರು. ಸ್ವಲ್ಪ ತಡೆದು, "ಶುರುವೇ ಮಾಡಲಿಲ್ಲ."

ನಾನು ಕೊಂಡದ್ದು ಕಾರನ್ನಲ್ಲ, ಆ ಪೆನ್ಸಿಲ್ ಚೀಟಿಗಳನ್ನು. ವಾಷರ್ ಯಾವ ಕಡೆ ಮುಖ ಮಾಡಿತ್ತು ಎಂದು ಬರೆದಿಟ್ಟವನು ಬಿಚ್ಚಿದ್ದನ್ನು ಕೂಡಿಸಬಹುದು ಎಂಬ ಧೈರ್ಯ ಬಂತು. ಯಜಮಾನರು 1,500 ಪೌಂಡ್ ಕೇಳಿದರು, ನಾನು 700 ಎಂದೆ, ಇಬ್ಬರೂ ಸ್ವಲ್ಪ ಹೊತ್ತು ಹುಲ್ಲಿನ ಯಂತ್ರಗಳನ್ನು ನೋಡಿದೆವು, 950ಕ್ಕೆ ಕೈಕುಲುಕಿದೆವು.

ವಿ5ಸಿ ಎಂಬ ನೋಂದಣಿ ಪತ್ರದಲ್ಲಿದ್ದ ಚಾಸಿ ನಂಬರು, ಕಾರಿನ ತಗಡಿನ ಮೇಲಿದ್ದ ನಂಬರು ಎರಡೂ ಒಂದೇ ಎಂದು ನೋಡಿಕೊಂಡು, ಅದರಲ್ಲಿ ಹೊಸ ಮಾಲೀಕನಿಗೆ ಹರಿದುಕೊಡುವ ಹಸಿರು ಚೀಟಿ ಇಸಕೊಂಡೆ. 40 ವರ್ಷ ದಾಟಿದ ಕಾರಿಗೆ ಇಲ್ಲಿ ರಸ್ತೆ ತೆರಿಗೆ ಇಲ್ಲ. 2018ರ ಮೇ ತಿಂಗಳಿಂದ, ಮೂಲ ಸ್ವರೂಪ ಬದಲಾಯಿಸದಿದ್ದರೆ, ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ಎಂಓಟಿ ತಪಾಸಣೆಯೂ ಕಡ್ಡಾಯವಲ್ಲ. ಹಾಗಂತ ಬ್ರೇಕಿಲ್ಲದೆ ಓಡಿಸಿದರೆ ಕಾನೂನು ಬಿಡುವುದಿಲ್ಲ. ರಸ್ತೆಗಿಳಿಸದ ಕಾರಿಗೆ ಹೊಸ ಮಾಲೀಕ ‘ಸೋರ್ನ್’ ಎಂಬ ಘೋಷಣೆ ಕೊಡಬೇಕು. ಹೀಗೆ ಕಾರು ಕೊಂಡ ನಾನು ಮಾಡಿದ ಮೊದಲ ಸರ್ಕಾರಿ ಕೆಲಸ, ಇದು ಓಡುವುದಿಲ್ಲ ಎಂದು ಬರೆದುಕೊಟ್ಟದ್ದು.

ಮುಂದಿನ ಶನಿವಾರ ಟ್ರಕ್ ಬಂತು. ಹಿಂದಿನ ಬ್ರೇಕು ಕಚ್ಚಿಕೊಂಡು ಚಕ್ರ ತಿರುಗಲಿಲ್ಲ. ಡ್ರಮ್ಮಿಗೆ ಮರದ ಸುತ್ತಿಗೆಯಿಂದ ಅರ್ಧ ಗಂಟೆ ಬಡಿದ ಮೇಲೆ ಒಂದು ಬಿಟ್ಟಿತು, ಇನ್ನೊಂದು ಬಿಡಲಿಲ್ಲ. ವಿಂಚಿನಲ್ಲಿ ಎಳೆದಾಗ ಆ ಒಂದು ಚಕ್ರ ಕೊಟ್ಟಿಗೆಯ ಮಣ್ಣಿನಲ್ಲಿ ಉದ್ದಕ್ಕೆ ಉತ್ತ ಸಾಲು ಮಾಡಿತು. ಯಜಮಾನರು ಆ ಸಾಲನ್ನೇ ನೋಡುತ್ತಾ ನಿಂತರು, ಕೈ ಬೀಸಲಿಲ್ಲ. ಶ್ರಾಪ್‌ಶೈರಿನಿಂದ ಬರ್ಮಿಂಗ್‌ಹ್ಯಾಮಿಗೆ ಬರುವ ದಾರಿಯುದ್ದಕ್ಕೂ ಪಕ್ಕದ ಕಾರುಗಳಲ್ಲಿದ್ದವರು ಹೆಬ್ಬೆರಳು ಎತ್ತಿ ತೋರಿಸಿದರು. ಟ್ರಕ್ಕಿನ ಮೇಲೆ ಕೂತ ಹಳೇ ಕಾರಿಗೆ ಸಿಗುವಷ್ಟು ಮರ್ಯಾದೆ ಓಡುವ ಕಾರಿಗೆ ಇಲ್ಲ.

ಮನೆಯವಳು ಬಾಗಿಲಲ್ಲೇ ನಿಂತು ಒಂದು ಸುತ್ತು ನೋಡಿದಳು. "ರೀ, ಫ್ರಿಜ್ ಮ್ಯಾಗ್ನೆಟ್ ಎಲ್ಲಿ?" ಅಂದಳು. ಅಷ್ಟೇ. ಅದು ಕೊಟ್ಟಿಗೆಯಲ್ಲೇ ಉಳಿದಿತ್ತು.

ಮೂರನೇ ದಿನ ಎಡ ಮಡ್‌ಗಾರ್ಡಿನ ‘ಅಲ್ಯೂಮಿನಿಯಂ’ ಕೆರೆದೆ. ಬೆರಳು ದಪ್ಪದ ಪುಟ್ಟಿ, ಅದರ ಹಿಂದೆ ಕೋಳಿಗೂಡಿಗೆ ಹಾಕುವ ತಂತಿ ಬಲೆ, ಅದರ ಹಿಂದೆ ಮುದ್ದೆ ಮಾಡಿ ತುರುಕಿದ ದಿನಪತ್ರಿಕೆ. ಬಿಡಿಸಿ ನೋಡಿದರೆ 1979ರದ್ದು, ಹವಾಮಾನದ ಪುಟ, ಮಳೆಯ ಮುನ್ಸೂಚನೆ. ಅಂದರೆ ಇದು 86ರ ಮನುಷ್ಯನ ಕೆಲಸವಲ್ಲ, ಕಾರು ಓಡುತ್ತಿದ್ದಾಗಲೇ ಯಾರೋ ಟಿಂಕರಿಂಗ್ ಹೆಸರಿನಲ್ಲಿ ಮಾಡಿದ ಪಾಪ. 86ರವನ ಬಗ್ಗೆ ನನಗೆ ಮೂಡಿದ್ದ ಗೌರವಕ್ಕೆ ಧಕ್ಕೆಯಾಗಲಿಲ್ಲವೆಂದು ಖುಷಿಪಟ್ಟೆ. ಮಡ್‌ಗಾರ್ಡ್ ಹೋಗಿದ್ದರ ದುಃಖ ಆಮೇಲೆ ಬಂತು.

ಇಂಜಿನ್ ನಿರೀಕ್ಷಿಸಿದಂತೆಯೇ ಜಾಮ್ ಆಗಿತ್ತು. ಆರೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಗೇರ್‌ಬಾಕ್ಸ್ ಆಯಿಲಿಗೆ ಅಸಿಟೋನ್ ಬೆರೆಸಿ ಪ್ರತಿ ಸಿಲಿಂಡರಿಗೂ ಎರಡೆರಡು ಚಮಚ ಬಿಟ್ಟೆ. ಇದಕ್ಕೆ ಬೇಕಾದದ್ದು ಬಲವಲ್ಲ, ಸಹನೆ. ಅವಸರಪಟ್ಟು ಜಗ್ಗಿದರೆ ಪಿಸ್ಟನ್ ರಿಂಗು ಮುರಿಯುತ್ತದೆ. ದಿನಾ ಸಂಜೆ ಕೆಲಸದಿಂದ ಬಂದು ಮುಂದಿನ ತೂತಿಗೆ ಹ್ಯಾಂಡಲ್ ತೂರಿಸಿ ಮೆಲ್ಲಗೆ ಒತ್ತಿ ನೋಡುವುದು, ಅಲುಗದಿದ್ದರೆ ಎಣ್ಣೆ ಬಿಟ್ಟು ದೀಪ ಆರಿಸಿ ಬರುವುದು. ಶನಿದೇವರ ಗುಡಿಗೆ ಹೋಗಿ ಬಂದ ಹಾಗೆ. ಒಂಬತ್ತನೇ ದಿನ ಹ್ಯಾಂಡಲ್ ಕೈಯೊಳಗೆ ಜಾರಿತು ಅಂದುಕೊಂಡೆ. ಜಾರಿರಲಿಲ್ಲ. ಫ್ಯಾನು ಬೆರಳಗಲ ಸರಿದಿತ್ತು. ಇನ್ನೊಮ್ಮೆ ಒತ್ತಿದಾಗ ಒಳಗಿನಿಂದ ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ನಿಟ್ಟುಸಿರಿನಂಥ ಸದ್ದು ಬಂತು, ಆರು ತೂತಿನಿಂದ ಕಂದು ಎಣ್ಣೆ ನನ್ನ ಅಂಗಿಗೆ ಎರಚಿತು.

ಯಜಮಾನರಿಗೆ ಫೋನ್ ಮಾಡಿದೆ. "ಇಂಜಿನ್ ತಿರುಗಿತು," ಅಂದೆ. ಆ ಕಡೆ ಬಹಳ ಹೊತ್ತು ಮಾತಿಲ್ಲ.

"ಹಾಗಾದರೆ ನಾನು ಮಾರಬಾರದಿತ್ತು," ಅಂದರು.

ಈಗ ಬಲಗಡೆಯ ಬ್ರೇಕು ಬಿಚ್ಚಿದ್ದೇನೆ. ಡಬ್ಬಿಗಳ ಸಂಖ್ಯೆ 31ರಿಂದ 44ಕ್ಕೆ ಏರಿದೆ. ತಗಡಿನ ಡಬ್ಬಿಯವನನ್ನು ಗುರುವೆಂದುಕೊಂಡು ನಾನೂ ಪ್ರತಿಯೊಂದಕ್ಕೂ ಚೀಟಿ ಅಂಟಿಸುತ್ತೇನೆ, ಕನ್ನಡದಲ್ಲಿ: "ಸ್ಪ್ರಿಂಗ್, ಕೆಂಪಗಿರೋದು ಹಿಂದೆ." ನಿನ್ನೆ ಸಂಜೆ ಚಹಾ ಕೊಡಲು ಗ್ಯಾರೇಜಿಗೆ ಬಂದ ಮನೆಯವಳು ಒಂದೊಂದೇ ಚೀಟಿ ಓದುತ್ತಾ ಹಲಗೆಯ ತುದಿಯವರೆಗೂ ಹೋದಳು.

"ಇಂಗ್ಲಿಷಲ್ಲಿ ಬರೀರಿ," ಅಂದಳು. "ಮುಂದೆ ತಗೊಳ್ಳೋರಿಗೆ ಓದಕ್ಕೆ ಬರಬೇಡವಾ?"